ವಿಂಡೋಸ್ 10 ನಿಂತ ಮೇಲೆ ಹಳೇ ಲ್ಯಾಪ್‌ಟಾಪ್: ಲಿನಕ್ಸ್‌ಗೆ ಹೋದರೆ ನುಡಿ ಕಡತಗಳ ಗತಿ ಏನು?

ತುಂಗಾತೀರ

ಯಂತ್ರ: ಇಂಟೆಲ್ ಐ3 ಐದನೇ ತಲೆಮಾರು, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 ಹೋಮ್. 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ವಿಂಡೋಸ್ 11 ಈ ಪಿಸಿಗೆ ಆಗುವುದಿಲ್ಲ ಎಂದು ತೋರಿಸುತ್ತದೆ. ಪರದೆ, ಕೀಲಿಮಣೆ, ವೈಫೈ ಎಲ್ಲ ಗಟ್ಟಿಯಾಗಿವೆ, ಎಸೆಯುವ ಮಾತೇ ಇಲ್ಲ.

ಆಗಬೇಕಾದ ಕೆಲಸ: ಕನ್ನಡ ಟೈಪಿಂಗ್ (ನುಡಿ ತಂತ್ರಾಂಶದ ಕೀಲಿ ವಿನ್ಯಾಸದ ರೂಢಿ), ನುಡಿ 01 ಇ ಅಕ್ಷರಶೈಲಿಯಲ್ಲಿರುವ ಸುಮಾರು 600 ವರ್ಡ್ ಕಡತಗಳು, ಯುಎಸ್‌ಬಿ ಲೇಸರ್ ಪ್ರಿಂಟರ್, ಬ್ರೌಸರ್, ಫೋನಿನ ಫೋಟೊಗಳನ್ನು ಇಳಿಸಿಕೊಳ್ಳುವುದು. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದರೆ ಇದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಡೆಯುತ್ತದೆ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಹಳೇಯಂತ್ರ

ವಿಂಡೋಸ್ 11 ಬೇಡ ಅನ್ನುವುದಕ್ಕೆ ಕಾರಣ ವೇಗ ಅಲ್ಲ ಸರ್. ಅದಕ್ಕೆ ಟಿಪಿಎಂ 2.0 (ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಸಹಿ ಇರುವ ಸಿಸ್ಟಂ ಮಾತ್ರ ಚಾಲೂ ಆಗಲು ಬಿಡುವ ಕಾವಲು) ಜೊತೆಗೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಮೇಲಿನ ಪ್ರೊಸೆಸರ್ ಬೇಕು. ನಿಮ್ಮದು ಪಟ್ಟಿಯಲ್ಲೇ ಇಲ್ಲ. ರೂಫಸ್ ಎಂಬ ಪೆನ್‌ಡ್ರೈವ್ ಬರೆಯುವ ತಂತ್ರಾಂಶದಿಂದ ಆ ತಪಾಸಣೆ ತೆಗೆದು ಹಾಕಿಕೊಳ್ಳಬಹುದು, ಹಲವರು ಹಾಕಿದ್ದಾರೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಕಚೇರಿ ಕಾಗದ ಇರುವ ಯಂತ್ರಕ್ಕೆ ಆ ದಾರಿ ನಾನು ಹೇಳುವುದಿಲ್ಲ.

ತಕ್ಷಣ ಬದಲಾಯಿಸಲು ಆಗದಿದ್ದರೆ ಉಸಿರಾಡಲು ಸಮಯ ಇದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇದ್ದರೆ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ವರೆಗೆ ತೇಪೆ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು.

ಮೊದಲು ಯಂತ್ರಕ್ಕೆ ಎರಡು ಬಿಡಿಭಾಗ ಹಾಕಿ, ಆಮೇಲೆ ಆಪರೇಟಿಂಗ್ ಸಿಸ್ಟಂ ಮಾತು. ಒಂದು, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್): 2.5 ಇಂಚಿನ ಸಾಟಾ, 7 ಮಿ.ಮೀ. ದಪ್ಪ, 240 ಅಥವಾ 256 ಜಿಬಿ ಸಾಕು. ತಿರುಗುವ ಡಿಸ್ಕ್‌ನಲ್ಲಿ ಯಾವ ಸಿಸ್ಟಂ ಹಾಕಿದರೂ ತೆವಳುತ್ತದೆ, ಲಿನಕ್ಸೂ ಅಷ್ಟೇ. ಎರಡು, ಇನ್ನೊಂದು 4 ಜಿಬಿ ರ‍್ಯಾಮ್. ಐದನೇ ತಲೆಮಾರಿಗೆ ಸಾಮಾನ್ಯವಾಗಿ ಡಿಡಿಆರ್3ಎಲ್, ಅಂದರೆ 1.35 ವೋಲ್ಟಿನದು. ಅಂಗಡಿಯಲ್ಲಿ ಬರೀ ‘ಡಿಡಿಆರ್3’ ಅಂದರೆ 1.5 ವೋಲ್ಟಿನ ಕಡ್ಡಿ ಕೊಟ್ಟುಬಿಡುತ್ತಾರೆ. ಅದು ಅದೇ ಸೀಳಿನಲ್ಲಿ ಕೂರುತ್ತದೆ, ಆದರೆ ಎಲ್ ಮಾತ್ರ ಒಪ್ಪುವ ಯಂತ್ರ ಚಾಲೂ ಆಗುವುದೇ ಇಲ್ಲ. ಹಳೇ ಕಡ್ಡಿಯ ಚೀಟಿಯಲ್ಲಿ ‘ಪಿಸಿ3ಎಲ್’ ಇದೆಯೇ ನೋಡಿ, ಅದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ.

ಡಿವಿಡಿ ಡ್ರೈವ್ ಇದ್ದರೆ ಅದರ ಜಾಗದಲ್ಲಿ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಹಳೇ ಡಿಸ್ಕ್ ಕೂರಿಸಬಹುದು. ಕ್ಯಾಡಿ 9.5 ಮತ್ತು 12.7 ಮಿ.ಮೀ. ಎರಡು ದಪ್ಪದಲ್ಲಿ ಬರುತ್ತದೆ, ಡ್ರೈವ್ ಬಿಚ್ಚಿ ಅಳೆದ ಮೇಲೆಯೇ ಕೊಳ್ಳಿ. ಯಂತ್ರ ಆರಿಸಿ ಹಚ್ಚಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದೆ. ತಾರೀಖು ತಪ್ಪಿದರೆ ಬ್ರೌಸರ್ ಎಲ್ಲ ತಾಣಕ್ಕೂ ಭದ್ರತಾ ಪ್ರಮಾಣಪತ್ರದ ತಪ್ಪು ತೋರಿಸುತ್ತದೆ, ಜನ ಇಂಟರ್‌ನೆಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಅಕ್ಷರಜೋಡಣೆ

ಯಂತ್ರದ ಮಾತು ಸರಿ. ಆದರೆ ತುಂಗಾತೀರ ಅವರೇ, ವಿಂಡೋಸ್ ಅಳಿಸುವ ಮೊದಲು ಆ 600 ಕಡತಗಳ ಕೆಲಸ ಮುಗಿಸಿ. ನಿಮ್ಮನ್ನು ಕಟ್ಟಿಹಾಕಿರುವುದು ವಿಂಡೋಸ್ ಅಲ್ಲ, ಆಸ್ಕಿ ಅಕ್ಷರಶೈಲಿ, ನಿಮ್ಮ ನುಡಿ 01 ಇ ಅಂಥದೇ.

ಯಾಕೆ ಅಂದರೆ, ನುಡಿ 01 ಇ ಕಡತದಲ್ಲಿ ಕನ್ನಡ ಅಕ್ಷರ ಇರುವುದೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ತಲೆಯ ಮೇಲೆ ಗುರುತು ಹೊತ್ತ ಐರೋಪ್ಯ ಅಕ್ಷರಗಳ ಸಂಕೇತ. ಅವುಗಳ ಜಾಗದಲ್ಲಿ ಅಕ್ಷರಶೈಲಿಯು ಕನ್ನಡದ ತುಂಡುಗಳನ್ನು ಬಿಡಿಸಿ ತೋರಿಸುತ್ತದೆ. ಒಂದು ಕಡತ ತೆರೆದು ಎಲ್ಲ ಆಯ್ದು ಅಕ್ಷರಶೈಲಿಯನ್ನು ಟೈಮ್ಸ್‌ಗೆ ಬದಲಾಯಿಸಿ ನೋಡಿ, ಕಣ್ಣಿಗೇ ಕಾಣುತ್ತದೆ. ಹಾಗಾಗಿ ಅದರಲ್ಲಿ ‘ಪಂಚಾಯಿತಿ’ ಎಂದು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ, ವಾಟ್ಸಾಪಿಗೆ ಅಂಟಿಸಿದರೆ ಕಸ. ಯುನಿಕೋಡಿನಲ್ಲಿ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ‘ಕನ್ನಡ’ ಅಂದರೆ ಕ, ನ, ್, ನ, ಡ ಎಂಬ ಐದು ಸಂಕೇತ, ಯಾವ ಯಂತ್ರಕ್ಕೆ ಹೋದರೂ ಅದು ಕನ್ನಡವೇ.

ನಿಮ್ಮ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಬೇಕು, ಮಾಡುವ ಕ್ರಮ ಹೀಗೆ. ವಿಂಡೋಸ್ ಇನ್ನೂ ಇರುವಾಗಲೇ ಪ್ರತಿ ಕಡತದ ಪಿಡಿಎಫ್ ಪ್ರತಿ ಒಂದು ಮಾಡಿ. ಅಕ್ಷರಶೈಲಿ ಪಿಡಿಎಫ್ ಒಳಗೇ ಸೇರಿಕೊಳ್ಳುತ್ತದೆ, ಮುಂದೆ ಪರಿವರ್ತನೆ ಸರಿಯೇ ತಪ್ಪೇ ಎಂದು ತಾಳೆ ನೋಡಲು ಇದೇ ಸಾಕ್ಷಿ. 600ನ್ನೂ ಒಂದೊಂದೇ ತೆರೆಯಬೇಕಿಲ್ಲ, ವಿಂಡೋಸಿನಲ್ಲೇ ಲಿಬ್ರೆಆಫೀಸ್ (ವರ್ಡ್, ಎಕ್ಸೆಲ್ ಥರದ ಉಚಿತ ತಂತ್ರಾಂಶ) ಹಾಕಿಕೊಂಡರೆ ಇಡೀ ಫೋಲ್ಡರನ್ನು ಒಟ್ಟಿಗೆ ಪಿಡಿಎಫ್ ಮಾಡಬಹುದು. ಆಮೇಲೆ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಎಲ್ಲ ಟಿಟಿಎಫ್ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಡಿ. ಲಿನಕ್ಸಿನಲ್ಲಿ ನಿಮ್ಮ ಹೋಮ್ ಫೋಲ್ಡರಿನ ‘.ಫಾಂಟ್ಸ್’ ಎಂಬ ಅಡಗಿದ ಫೋಲ್ಡರಿಗೆ (ಹೆಸರು ಇಂಗ್ಲಿಷಿನಲ್ಲಿ) ಅವನ್ನು ಹಾಕಿದರೆ ಹಳೇ ಕಡತಗಳು ಓದಲು ಬರುತ್ತವೆ, ಮುದ್ರಣವೂ ಆಗುತ್ತದೆ. ಅಂದರೆ ಪರಿವರ್ತನೆ ಒಂದೇ ದಿನ ಮುಗಿಯಬೇಕಿಲ್ಲ.

ಪರಿವರ್ತನೆಗೆ ನುಡಿ ಜೊತೆಗಿನ ಪರಿವರ್ತಕವಾಗಲಿ, ಬ್ರೌಸರಿನಲ್ಲಿ ನಡೆಯುವ ಆಸ್ಕಿ–ಯುನಿಕೋಡ್ ಪರಿವರ್ತಕವಾಗಲಿ ಸಾಕು. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮಾಡಿದ ಕಡತ ಮಧ್ಯೆ ಸೇರಿದ್ದರೆ ಅದನ್ನು ಬೇರೆ ಇಡಿ. ಅದರ ಸಂಕೇತ ಬೇರೆ, ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಅರ್ಥವಿಲ್ಲದ ಅಕ್ಷರ ಬರುತ್ತದೆ.

ತುಂಗಾತೀರ

ತುಂಬಾ ಉಪಕಾರ. ಕಡತಗಳಲ್ಲಿ ಇಂಗ್ಲಿಷ್ ಪದ, ಸರ್ವೆ ನಂಬರ್, ಕೋಷ್ಟಕ ಎಲ್ಲ ಬೆರೆತಿವೆ. ಅವು ಏನಾಗುತ್ತವೆ?

ಅಕ್ಷರಜೋಡಣೆ

ಕೆಡುವುದೇ ಅಲ್ಲಿ. ಪರಿವರ್ತಕಕ್ಕೆ ಕಾಣುವುದು ಸಂಕೇತ ಮಾತ್ರ, ಅಕ್ಷರಶೈಲಿ ಅಲ್ಲ. ಟೈಮ್ಸ್‌ನಲ್ಲಿ ಬರೆದ ಇಂಗ್ಲಿಷ್ ಪದವನ್ನೂ ಅದು ಕನ್ನಡದ ತುಂಡು ಎಂದೇ ತಿಳಿದು ಬದಲಾಯಿಸುತ್ತದೆ. ಅದಕ್ಕೇ ಮೊದಲು ಲಿಬ್ರೆಆಫೀಸ್ ರೈಟರಿನ ‘ಹುಡುಕು ಮತ್ತು ಬದಲಿಸು’ ಕಿಟಕಿಯಲ್ಲಿ ಫಾರ್ಮ್ಯಾಟ್ ಗುಂಡಿ ಒತ್ತಿ ಟೈಮ್ಸ್ ಅಕ್ಷರಶೈಲಿ ಆರಿಸಿ, ‘ಎಲ್ಲ ಹುಡುಕು’ ಕೊಡಿ. ಇಂಗ್ಲಿಷ್ ತುಣುಕುಗಳೆಲ್ಲ ಒಟ್ಟಿಗೆ ಆಯ್ಕೆಯಾಗುತ್ತವೆ, ಕೆಂಪು ಬಣ್ಣ ಕೊಡಿ. ಈಗ ಯಾವ ಸಾಲನ್ನು ಬಿಡಿಸಿ ಪರಿವರ್ತಿಸಬೇಕು ಎಂದು ಕಾಣುತ್ತದೆ.

ಕೋಷ್ಟಕವನ್ನು ಇಡಿಯಾಗಿ ಅಂಟಿಸಬೇಡಿ, ಕಂಬಗಳು ಕಲಸಿಹೋಗುತ್ತವೆ. ಕೋಷ್ಟಕವನ್ನು ಲಿಬ್ರೆಆಫೀಸಿನ ಲೆಕ್ಕಹಾಳೆಯಾದ ಕ್ಯಾಲ್ಕ್‌ಗೆ ತೆಗೆದುಕೊಂಡು ಒಂದೊಂದು ಕಂಬವನ್ನೇ ನಕಲಿಸಿ, ಪರಿವರ್ತಿಸಿ, ಪಕ್ಕದ ಕಂಬದಲ್ಲಿ ಅಂಟಿಸಿ. ಸಾಲಿನ ಲೆಕ್ಕ ಎರಡೂ ಕಡೆ ಒಂದೇ ಇದ್ದರೆ ಸರಿ. ಸರ್ವೆ ನಂಬರ್, ಮೊತ್ತ ಇರುವ ಕಂಬಗಳನ್ನು ಪರಿವರ್ತಕಕ್ಕೆ ಕೊಡಲೇ ಬೇಡಿ, ಹಾಗೇ ಬಿಡಿ. ಅಂಕಿ ಒಂದು ತಪ್ಪಿದರೆ ಕಾಗದವೇ ತಪ್ಪು.

ಪರಿವರ್ತನೆ ಆದ ಮೇಲೆ ಕಣ್ಣಿಟ್ಟು ನೋಡಬೇಕಾದ್ದು ಮೂರು ಕಡೆ. ಅರ್ಕಾವತ್ತು: ಆಸ್ಕಿಯಲ್ಲಿ ‘ಕರ್ಮ’ ಅನ್ನುವುದು ಕ, ಮ, ಆಮೇಲೆ ಅರ್ಕಾವತ್ತು ಎಂಬ ಕ್ರಮದಲ್ಲಿ ಇರುತ್ತದೆ. ಯುನಿಕೋಡಿನಲ್ಲಿ ರ್ ಮೊದಲು, ಮ ಆಮೇಲೆ. ಪರಿವರ್ತಕ ಹಿಂದುಮುಂದು ಮಾಡಿಕೊಳ್ಳುತ್ತದೆ, ಆದರೆ ಅರ್ಕಾವತ್ತಿನ ಜೊತೆ ದೀರ್ಘವೋ ಇನ್ನೊಂದು ಒತ್ತೋ ಸೇರಿದ ಕಡೆ ಎಡವಬಹುದು. ‘ಕಾರ್ಯಕ್ರಮ’, ‘ಸರ್ಕಾರ’, ‘ವರ್ಗಾವಣೆ’ ಇಂಥ ಪದಗಳನ್ನೇ ಮೊದಲು ನೋಡಿ. ಎರಡನೆಯದು ‘ರ‍್ಯಾಂಕ್’ ಥರದ ಪದ. ರ ಪೂರ್ತಿ ಉಳಿದು ಯ ಒತ್ತಾಗಬೇಕಾದರೆ ಮಧ್ಯೆ ಕಾಣದ ಜೋಡಕ ಒಂದು ಬೇಕು, ಇಲ್ಲದಿದ್ದರೆ ಅದು ಅರ್ಕಾವತ್ತಾಗಿ ‘ರ್ಯಾಂಕ್’ ಆಗುತ್ತದೆ. ಮೂರನೆಯದು ‘ಸಾಫ್ಟ್‌ವೇರ್’. ಇಲ್ಲಿ ಟ್ ಆದ ಮೇಲೆ ಕಾಣದ ಬೇರ್ಪಡಕ ಇಲ್ಲದಿದ್ದರೆ ವ ಒತ್ತಾಗಿ ಕೆಳಗೆ ಹೋಗುತ್ತದೆ. ರೈಟರಿನಲ್ಲಿ ಬೇರ್ಪಡಕ ಬೇಕಾದ ಜಾಗದಲ್ಲಿ 200ಸಿ, ಜೋಡಕಕ್ಕೆ 200ಡಿ ಎಂದು (ಸಿ, ಡಿ ಇಂಗ್ಲಿಷ್ ಅಕ್ಷರ) ಟೈಪ್ ಮಾಡಿ ಕೂಡಲೇ ಆಲ್ಟ್+ಎಕ್ಸ್ ಒತ್ತಿ, ಅದು ಆ ಗುರುತಾಗಿ ಬದಲಾಗುತ್ತದೆ.

ಪುಟದ ಲೆಕ್ಕ ಬದಲಾಗುತ್ತದೆ, ಗಾಬರಿ ಬೇಡ. ಯುನಿಕೋಡ್ ಅಕ್ಷರಶೈಲಿಯ ಅಗಲ, ಸಾಲಿನ ಅಂತರ ಬೇರೆ. ಪೇಜ್‌ಮೇಕರ್ ಎಂಬ ಹಳೇ ಪುಟವಿನ್ಯಾಸ ತಂತ್ರಾಂಶದಲ್ಲಿ ಮಾಡಿದ ಪುಸ್ತಕ, ಆಹ್ವಾನಪತ್ರಿಕೆ ಇದ್ದರೆ ಅವುಗಳ ಪಠ್ಯ ಮಾತ್ರ ತೆಗೆದುಕೊಳ್ಳಿ. ಪೇಜ್‌ಮೇಕರ್ ಯುನಿಕೋಡ್ ಕನ್ನಡವನ್ನು ಜೋಡಿಸಿ ತೋರಿಸಲಾರದು, ಮುದ್ರಣಾಲಯಗಳು ಆಸ್ಕಿ ಬಿಡದಿರಲು ಅದೇ ಕಾರಣ. ಲಿನಕ್ಸಿನಲ್ಲಿ ಪುಟವಿನ್ಯಾಸಕ್ಕೆ ಸ್ಕ್ರೈಬಸ್ 1.6 ಇದೆ, ಒತ್ತಕ್ಷರ ಸರಿಯಾಗಿ ಕೂರುತ್ತವೆ. ಹಳೇ 1.4 ಬೇಡ.

ಹಳೇಯಂತ್ರ

ಆ ಕೆಲಸ ಮುಗಿದ ಮೇಲೆ ಅಳವಡಿಕೆ. ಅದಕ್ಕೂ ಮುಂಚೆ ವಿಂಡೋಸಿನಲ್ಲಿ ಮಾಡಬೇಕಾದ್ದು, ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ:

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್ ಒಳಗೆ ಹೋಗಿದೆಯೇ ನೋಡಿ. ಕಡತದ ಪಕ್ಕ ಮೋಡದ ಗುರುತು ಇದ್ದರೆ ಅದು ಡಿಸ್ಕ್‌ನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ತೆಗೆದುಕೊಳ್ಳುತ್ತೇನೆ ಅಂದರೆ ಏನೂ ಸಿಗುವುದಿಲ್ಲ. ಫೋಲ್ಡರಿನ ಮೇಲೆ ಬಲಕ್ಲಿಕ್ ಮಾಡಿ ‘ಯಾವಾಗಲೂ ಈ ಸಾಧನದಲ್ಲಿ ಇರಿಸು’ ಕೊಟ್ಟು, ಎಲ್ಲ ಇಳಿದ ಮೇಲೆ ಹೊರಗಿನ ಡಿಸ್ಕ್‌ಗೆ ನಕಲಿಸಿ. ನಕಲಾದ ಕಡತಗಳಲ್ಲಿ ಹತ್ತನ್ನು ತೆರೆದು ನೋಡಿ.

ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕುವುದು) ಆನ್ ಇದ್ದರೆ ಮೊದಲು ಆಫ್ ಮಾಡಿ, ಅದು ಬಿಡಿಸಿಕೊಳ್ಳುವವರೆಗೆ ಕಾಯಿರಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿ ಇರುತ್ತದೆ, ಹಳೇ ಡಿಸ್ಕ್‌ಗೆ ಲಿನಕ್ಸ್‌ನಿಂದ ಬರೆಯಲು ಬರುವುದಿಲ್ಲ.

ಮಿಂಟ್ 22ರ ಸರಣಿ ಆರಿಸಿ, ಅದಕ್ಕೆ 2029ರ ವರೆಗೆ ಅಪ್‌ಡೇಟ್ ಇದೆ. 8 ಜಿಬಿ ರ‍್ಯಾಮ್ ಆದರೆ ಅದರ ಸಿನಮನ್ ಬಗೆ, 4ರಲ್ಲೇ ಉಳಿದರೆ ಹಗುರವಾದ ಎಕ್ಸ್‌ಎಫ್‌ಸಿಇ ಬಗೆ. ಐಎಸ್‌ಒ (ಅಳವಡಿಕೆಯ ಕಡತ) ಸುಮಾರು 3 ಜಿಬಿ, 8 ಜಿಬಿ ಪೆನ್‌ಡ್ರೈವ್ ಸಾಕು. ಐಎಸ್‌ಒ ಕಡತವನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲಿಸಿದರೆ ಬೂಟ್ ಆಗುವುದಿಲ್ಲ, ಎಚರ್ ಅಥವಾ ರೂಫಸ್‌ನಿಂದ ಬರೆಯಬೇಕು. ಬರೆದಾದ ಮೇಲೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ, ಬೇಡ ಅನ್ನಿ. ಎಚರ್ ಕೊನೆಯಲ್ಲಿ ತಾಳೆ ನೋಡುವಾಗ ಸೋತರೆ ಪೆನ್‌ಡ್ರೈವ್ ಕೆಟ್ಟಿದೆ, ಬೇರೆ ತನ್ನಿ.

ಬೂಟ್ ಕೀಲಿ (ಯಂತ್ರ ಹಚ್ಚಿದ ಕೂಡಲೇ ಪೆನ್‌ಡ್ರೈವ್ ಆರಿಸಲು ಒತ್ತುವುದು): ಡೆಲ್, ಲೆನೊವೊ ಎಫ್12, ಎಚ್‌ಪಿ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಏಸುಸ್ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್) ಒಳಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕು. ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡುತ್ತದೆ, ಅಳವಡಿಸುವ ಮುಂಚೆ ಅಲ್ಲೇ ವೈಫೈ, ಶಬ್ದ, ಕ್ಯಾಮೆರಾ, ಬೆಳಕಿನ ಕೀಲಿ ನೋಡಿ. ಮುಚ್ಚಳ ಮುಚ್ಚಿ ತೆರೆದು ಎಚ್ಚರವಾಗುತ್ತದೆಯೇ ಎಂಬುದನ್ನೂ ನೋಡಿ, ಹಳೇ ಯಂತ್ರಗಳು ಎಡವುವುದು ಹೆಚ್ಚಾಗಿ ಅಲ್ಲೇ. ಬ್ರಾಡ್‌ಕಾಂ ವೈಫೈ ಇದ್ದರೆ ಮೊದಲಿಗೆ ಕಾಣಿಸದಿರಬಹುದು. ಫೋನನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಟೆದರಿಂಗ್ (ಫೋನಿನ ಇಂಟರ್‌ನೆಟ್ ಹಂಚಿಕೆ) ಕೊಟ್ಟು, ಡ್ರೈವರ್ ಮ್ಯಾನೇಜರ್ ತೆರೆದರೆ ಅದು ತಾನೇ ಹುಡುಕಿ ಕೊಡುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ, ಮುಂದಿನ ಬೂಟಿನಲ್ಲಿ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಅದನ್ನು ದಾಟಿಸಿ ಮುಂದೆ ಹೋದರೆ ಡ್ರೈವರ್ ಹಾಕಿದ್ದೂ ವ್ಯರ್ಥ.

ಅಳವಡಿಸುವಾಗ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ವಿಧ ‘ರೇಡ್’ ಅಥವಾ ‘ಆರ್‌ಎಸ್‌ಟಿ’ ಇರುತ್ತದೆ, ‘ಎಎಚ್‌ಸಿಐ’ ಮಾಡಿ. ಅದೇ ಯಂತ್ರದಲ್ಲಿ ವಿಂಡೋಸ್ ಉಳಿಸಿಕೊಳ್ಳುವುದಾದರೆ ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ ಆಮೇಲೆ ಬದಲಾಯಿಸಿ, ಇಲ್ಲದಿದ್ದರೆ ಅದು ಏಳುವುದಿಲ್ಲ.

ಸಹ್ಯಾದ್ರಿ77

ಒಂದು ಮಾತು ಸೇರಿಸಬೇಕು. ಪೂರ್ತಿ ಅಳಿಸಿ ಮಿಂಟ್ ಒಂದನ್ನೇ ಹಾಕಿ ಎಂದು ಎಲ್ಲರಿಗೂ ಹೇಳುವುದು ಸರಿಯಲ್ಲ. ಟ್ಯಾಲಿ ವಿಂಡೋಸಿಗೆ ಮಾತ್ರ. ಟೆಂಡರ್, ತೆರಿಗೆ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು, ಆ ಟೋಕನ್‌ಗೂ ತಾಣ ಕೇಳುವ ಸಹಿ ತಂತ್ರಾಂಶಕ್ಕೂ ಲಿನಕ್ಸ್ ಆವೃತ್ತಿ ಇದೆಯೇ ಎಂದು ಕೊಟ್ಟವರನ್ನೇ ಮೊದಲು ಕೇಳಬೇಕು. ಗಡುವಿನ ದಿನ ಗೊತ್ತಾದರೆ ಪ್ರಯೋಜನವಿಲ್ಲ.

ತುಂಗಾತೀರ ಅವರ ಪಟ್ಟಿಯಲ್ಲಿ ಅವು ಇಲ್ಲ. ಆದರೂ ಹೊಸ ಎಸ್‌ಎಸ್‌ಡಿಗೆ ಮಿಂಟ್ ಹಾಕಿ, ವಿಂಡೋಸ್ ಇರುವ ಹಳೇ ಡಿಸ್ಕನ್ನು ಅಳಿಸದೆ ಆರು ತಿಂಗಳು ಬೀರುವಿನಲ್ಲಿ ಇಡುವುದು ಕ್ಷೇಮ. ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡರೆ ಗಡಿಯಾರ 5 ಗಂಟೆ 30 ನಿಮಿಷ ತಪ್ಪುತ್ತದೆ. ಯಂತ್ರದ ಗಡಿಯಾರವನ್ನು ವಿಂಡೋಸ್ ಭಾರತದ ಸಮಯ ಎಂದು ಓದುತ್ತದೆ, ಲಿನಕ್ಸ್ ಗ್ರೀನಿಚ್ ಸಮಯ ಎಂದು ಓದುತ್ತದೆ, ಅದಕ್ಕೆ. ಲಿನಕ್ಸಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಗೆ ‘ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟರೆ ಸರಿಹೋಗುತ್ತದೆ.

ಹಳೇಯಂತ್ರ

ಒಪ್ಪುತ್ತೇನೆ ಸರ್, ಹಳೇ ಡಿಸ್ಕ್ ಬೀರುವಿಗೆ ಹೋಗಲಿ. ಇನ್ನೊಂದು, ಎರಡನ್ನೂ ಒಂದೇ ಯಂತ್ರದಲ್ಲಿ ಇಡುವುದಾದರೆ, ವಿಂಡೋಸ್ ಹಳೇ ಲೆಗಸಿ ಬೂಟ್ ವಿಧದಲ್ಲಿ ಇದ್ದು ಮಿಂಟನ್ನು ಹೊಸ ಯುಇಎಫ್‌ಐ ವಿಧದಲ್ಲಿ ಹಾಕಿದರೆ ಗ್ರಬ್ ಮೆನುವಿನಿಂದ (ಯಾವ ಸಿಸ್ಟಂ ಬೇಕೆಂದು ಕೇಳುವ ಪರದೆ) ವಿಂಡೋಸ್ ತೆರೆಯಲು ಬರುವುದಿಲ್ಲ. ಎರಡೂ ಒಂದೇ ವಿಧದಲ್ಲಿ ಇರಬೇಕು.

ಕೀಲಿಮಣೆ

ಟೈಪಿಂಗ್ ಬಗ್ಗೆ. ನುಡಿಯ ಕೀಲಿ ವಿನ್ಯಾಸವೇ ಲಿನಕ್ಸಿನಲ್ಲಿ ಇದೆ, ಕೈಯ ರೂಢಿ ಬದಲಾಯಿಸಬೇಕಿಲ್ಲ. ಆದರೆ ಎರಡು ಜಾಗದಲ್ಲಿ ಇದೆ, ತಪ್ಪು ಜಾಗದ್ದನ್ನು ಆರಿಸಿ ಜನ ಬೇಸತ್ತು ಬಿಡುತ್ತಾರೆ.

ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ‘ಕನ್ನಡ (ಕಗಪ, ಫೋನೆಟಿಕ್)’ ಕಾಣುತ್ತದೆ. ಅದು ಬೇಡ. ಆ ಪದ್ಧತಿಗೆ ಹಿಂದಿನ ಅಕ್ಷರ ಯಾವುದು ಎಂದು ತಿಳಿಯುವುದಿಲ್ಲ. ಆದ್ದರಿಂದ ‘ಇ’ ಎಂಬ ಸ್ವರಕ್ಕೂ ‘ಿ’ ಎಂಬ ಗುಣಿತಕ್ಕೂ ಬೇರೆ ಬೇರೆ ಒತ್ತು ಬೇಕಾಗುತ್ತದೆ, ನುಡಿಯ ಹಾಗೆ ತಾನೇ ಅರಿತು ಬದಲಾಗುವುದಿಲ್ಲ.

ಬೇಕಾದ್ದು ಐಬಸ್ (ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಒಳಗಿನ ಎಂ17ಎನ್. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ‘ಐಬಸ್-ಎಂ17ಎನ್’ ಹಾಕಿಕೊಳ್ಳಿ. ‘ಇನ್‌ಪುಟ್ ಮೆಥಡ್’ ಎಂಬಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಲಾಗೌಟ್ ಮಾಡದೆ ಮುಂದುವರಿದರೆ ಕೆಲವು ಕಿಟಕಿಯಲ್ಲಿ ಕನ್ನಡ ಬರುತ್ತದೆ, ಕೆಲವದರಲ್ಲಿ ಬರುವುದಿಲ್ಲ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ (ಇದೇ ನುಡಿಯ ವಿನ್ಯಾಸ) ಸೇರಿಸಿ. ಇನ್‌ಸ್ಕ್ರಿಪ್ಟ್, ಐಟ್ರಾನ್ಸ್, ಟೈಪ್‌ರೈಟರ್ ಕೂಡ ಅಲ್ಲೇ ಇವೆ. ಪರೀಕ್ಷೆಗೆ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ, ‘ಕನ್ನಡ’ ಬರಬೇಕು.

ಇಂಗ್ಲಿಷ್–ಕನ್ನಡ ಬದಲಿಸಲು ಸೂಪರ್+ಸ್ಪೇಸ್, ಅಂದರೆ ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್. ಫ್ಲಾಟ್‌ಪ್ಯಾಕ್ (ಸಿಸ್ಟಂನಿಂದ ಬೇರ್ಪಟ್ಟು ಓಡುವ ಪೊಟ್ಟಣ) ಆಗಿ ಹಾಕಿದ ಕೆಲವು ತಂತ್ರಾಂಶದಲ್ಲಿ ಐಬಸ್ ತಲುಪದೆ ಇರಬಹುದು. ಕನ್ನಡ ಟೈಪ್ ಮಾಡುವ ತಂತ್ರಾಂಶವನ್ನು ಸಿಸ್ಟಂ ಪ್ಯಾಕೇಜ್ ಆಗಿಯೇ ಹಾಕಿ.

ಅಕ್ಷರಶೈಲಿಗೆ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಜೊತೆಗೆ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಬರುತ್ತವೆ. ಉದ್ದ ಪಠ್ಯ ಅಚ್ಚಿಗೆ ಹೋಗುವುದಾದರೆ ನೋಟೊ ಸೆರಿಫ್ ನನ್ನ ಆಯ್ಕೆ, ಒತ್ತುಗಳು ಮಸಿಯಲ್ಲಿ ಮುಚ್ಚಿಹೋಗುವುದಿಲ್ಲ.

ಮಸಿಪೆಟ್ಟಿಗೆ

ಪ್ರಿಂಟರ್ ಮಾದರಿ ಹೇಳಿಲ್ಲ, ಅದರ ಮೇಲೇ ಎಲ್ಲ ನಿಂತಿದೆ. ವೈಫೈ ಇರುವ, ಈಚೆಗಿನ ಪ್ರಿಂಟರ್ ಆದರೆ ಡ್ರೈವರ್ ಇಲ್ಲದೆಯೇ ಮಿಂಟ್ ಗುರುತಿಸುತ್ತದೆ. ತೊಂದರೆ ಕೊಡುವುದು ನಮ್ಮಲ್ಲಿ ಜೆರಾಕ್ಸ್ ಅಂಗಡಿಯಿಂದ ಕಚೇರಿವರೆಗೆ ಇರುವ ಹಳೇ ಯುಎಸ್‌ಬಿ ಲೇಸರ್‌ಗಳು.

ಎಚ್‌ಪಿ ಲೇಸರ್‌ಜೆಟ್ 1020: ಇದು ತನ್ನ ಫರ್ಮ್‌ವೇರನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಹಚ್ಚಿದಾಗಲೆಲ್ಲ ಕಂಪ್ಯೂಟರೇ ಕಳಿಸಬೇಕು. ಎಚ್‌ಪಿಎಲ್‌ಐಪಿ (ಎಚ್‌ಪಿಯ ಲಿನಕ್ಸ್ ಡ್ರೈವರ್) ಜೊತೆಗೆ ಅದರ ಪ್ಲಗಿನ್ ಕೂಡ ಹಾಕಿದರೆ ಮಾತ್ರ ನಡೆಯುತ್ತದೆ. ಪ್ಲಗಿನ್ ಬಿಟ್ಟರೆ ಕೆಲಸ ಸಾಲಿನಲ್ಲಿ ನಿಂತೇ ಇರುತ್ತದೆ, ತಪ್ಪು ಏನೆಂದೂ ತೋರಿಸುವುದಿಲ್ಲ. ಇದಕ್ಕೇ ಇರುವ ಇನ್ನೊಂದು ಡ್ರೈವರ್ ಫೂ2ಝಡ್‌ಜೆಎಸ್. ಎರಡನ್ನೂ ಒಟ್ಟಿಗೆ ಇಡಬೇಡಿ, ಜಗಳ ಆಡುತ್ತವೆ.

ಕ್ಯಾನನ್ ಎಲ್‌ಬಿಪಿ 2900: ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಎಂಬ ಸಾಮಾನ್ಯ ಪ್ರಿಂಟರ್ ಭಾಷೆ ಯಾವುದೂ ಇದಕ್ಕೆ ತಿಳಿಯದು, ಕ್ಯಾಪ್ಟ್ ಎಂಬ ತನ್ನದೇ ಭಾಷೆ. ಹಳೇ ಕ್ಯಾಪ್ಟ್ ಡ್ರೈವರನ್ನು ಹೊಸ ಮಿಂಟಿನಲ್ಲಿ ಕೂರಿಸುವುದು ತಾಳ್ಮೆಯ ಕೆಲಸ. ಇದು ನಿಮ್ಮದಾಗಿದ್ದರೆ ಪಿಡಿಎಫ್ ಮಾಡಿ ವಿಂಡೋಸ್ ಇರುವ ಇನ್ನೊಂದು ಯಂತ್ರದಿಂದ ಮುದ್ರಿಸುವುದೇ ಮೇಲು ಎಂದು ನೇರವಾಗಿ ಹೇಳುತ್ತೇನೆ. ಏನೇ ಇರಲಿ, ಪೆನ್‌ಡ್ರೈವ್‌ನಿಂದ ಓಡಿಸುವಾಗಲೇ ಒಂದು ಹಾಳೆ ಮುದ್ರಿಸಿ ನೋಡಿ.

ತುಂಗಾತೀರ

1020ನೇ. ಪ್ಲಗಿನ್ ಮಾತು ಬರೆದುಕೊಂಡೆ. ಫೋಟೊ ವಿಚಾರ ಯಾರಾದರೂ ಹೇಳಿ. ಗೂಗಲ್‌ನ 15 ಜಿಬಿ ತುಂಬಿದೆ, ತಿಂಗಳು ತಿಂಗಳು ಹಣ ಕಟ್ಟುವುದು ಬೇಡ.

ಸಹ್ಯಾದ್ರಿ77

2021ರ ಜೂನ್ 1ರಿಂದ ಫೋಟೊಗಳೂ ಆ 15 ಜಿಬಿಯಲ್ಲೇ ಲೆಕ್ಕ, ಈಗ ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ಪೂ ಅದರಲ್ಲೇ. ಅದಕ್ಕೇ ಬೇಗ ತುಂಬುವುದು.

ಲ್ಯಾಪ್‌ಟಾಪಿಗೆ ಸಿಂಕ್‌ಥಿಂಗ್ (ಎರಡು ಸಾಧನದ ಫೋಲ್ಡರನ್ನು ಒಂದೇ ಥರ ಇಡುವ ತಂತ್ರಾಂಶ), ಫೋನಿಗೆ ಎಫ್-ಡ್ರಾಯ್ಡ್ ಎಂಬ ಆ್ಯಪ್ ಅಂಗಡಿಯಿಂದ ಸಿಂಕ್‌ಥಿಂಗ್-ಫೋರ್ಕ್ ಹಾಕಿ. ಹಳೇ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತಿದೆ. ಮನೆಯ ವೈಫೈನಲ್ಲಿ ಎರಡೂ ಇದ್ದಾಗ ಕ್ಯಾಮೆರಾ ಫೋಲ್ಡರ್ ತಾನೇ ನಕಲಾಗುತ್ತದೆ, ಮಧ್ಯೆ ಯಾರ ಸಂಗ್ರಹವೂ ಇಲ್ಲ. ಎಚ್ಚರ ಬೇಕಾದ್ದು ಇಲ್ಲಿ: ಫೋನಿನಲ್ಲಿ ಜಾಗ ಮಾಡಲು ಫೋಟೊ ಅಳಿಸಿದರೆ ಲ್ಯಾಪ್‌ಟಾಪಿನಲ್ಲೂ ಅಳಿಸಿಹೋಗುತ್ತದೆ. ಲ್ಯಾಪ್‌ಟಾಪ್ ಕಡೆ ಆ ಫೋಲ್ಡರಿಗೆ ಫೈಲ್ ವರ್ಷನಿಂಗ್‌ನಲ್ಲಿ ‘ಟ್ರ್ಯಾಶ್ ಕ್ಯಾನ್’ ಕೊಡಿ, ಮತ್ತು ಬಂದ ಫೋಟೊಗಳನ್ನು ತಿಂಗಳಿಗೊಮ್ಮೆ ಸಿಂಕ್ ಫೋಲ್ಡರಿನ ಹೊರಗಿನ ಜಾಗಕ್ಕೆ ನಕಲಿಸಿ. ಆಮೇಲೆಯೇ ಫೋನಿನಿಂದ ಅಳಿಸಿ. ಫೋನಿನ ಬ್ಯಾಟರಿ ಉಳಿತಾಯ ಪಟ್ಟಿಯಿಂದ ಆ್ಯಪನ್ನು ಹೊರಗಿಡಿ, ಇಲ್ಲದಿದ್ದರೆ ಪರದೆ ಆರಿದ ಕೂಡಲೇ ಸಿಂಕ್ ನಿಲ್ಲುತ್ತದೆ.

ಹಳೇಯಂತ್ರ

ಟೈಮ್‌ಶಿಫ್ಟ್ ಕೂಡ ಮೊದಲ ದಿನವೇ ಹೊಂದಿಸಿ. ಅಪ್‌ಡೇಟ್ ಕೆಟ್ಟರೆ ಸಿಸ್ಟಂ ಹಿಂದಿನ ಸ್ಥಿತಿಗೆ ಮರಳುತ್ತದೆ. ಆದರೆ ಅದು ನಿಮ್ಮ ಕಡತಗಳ ಬ್ಯಾಕಪ್ ಅಲ್ಲ, ಅವಕ್ಕೆ ಬೇರೆ ಡಿಸ್ಕ್ ಬೇಕು. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಡಿಸ್ಕನ್ನು ಟೈಮ್‌ಶಿಫ್ಟ್ ಒಪ್ಪುವುದಿಲ್ಲ, ಎಕ್ಸ್ಟ್4 ಥರದ ಲಿನಕ್ಸ್ ವಿಭಾಗ ಬೇಕು.

ತುಂಗಾತೀರ

ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿದ್ದಾಯಿತು: ವೈಫೈ, ಶಬ್ದ, ಮುಚ್ಚಳ ಸರಿ. ಕೆಜಿಪಿ ಬಂತು. ಆದರೆ ರೈಟರಿನಲ್ಲಿ ಹೊಸ ಕಡತ ತೆರೆದು ಅಕ್ಷರಶೈಲಿ ನೋಟೊ ಸೆರಿಫ್, ಗಾತ್ರ 14 ಎಂದು ಕೊಟ್ಟು ಟೈಪ್ ಮಾಡಿದರೆ ಕನ್ನಡ ಬೇರೆ ಅಕ್ಷರಶೈಲಿಯಲ್ಲಿ 12ರಲ್ಲೇ ಬರುತ್ತದೆ.

ಅಕ್ಷರಜೋಡಣೆ

ರೈಟರ್ ಇಂಗ್ಲಿಷಿಗೂ ಭಾರತೀಯ ಲಿಪಿಗಳಿಗೂ ಬೇರೆ ಬೇರೆ ಅಕ್ಷರಶೈಲಿ, ಗಾತ್ರ ಇಟ್ಟುಕೊಳ್ಳುತ್ತದೆ. ನೀವು ಬದಲಿಸಿದ್ದು ಇಂಗ್ಲಿಷಿನದು. ಟೂಲ್ಸ್ > ಆಪ್ಷನ್ಸ್ > ಲ್ಯಾಂಗ್ವೇಜ್‌ನಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ (ಸಿಟಿಎಲ್) ಆನ್ ಮಾಡಿ ಭಾಷೆ ಕನ್ನಡ ಆರಿಸಿ. ಆಮೇಲೆ ಅದೇ ಆಪ್ಷನ್ಸ್‌ನ ರೈಟರ್ ವಿಭಾಗದಲ್ಲಿ ‘ಬೇಸಿಕ್ ಫಾಂಟ್ಸ್ (ಸಿಟಿಎಲ್)’ ಎಂಬ ಪುಟ ಹೊಸದಾಗಿ ಕಾಣುತ್ತದೆ. ಅಲ್ಲಿ ನೋಟೊ ಸೆರಿಫ್ ಕನ್ನಡ, 14 ಕೊಡಿ. ಹೊಸ ಕಡತಗಳಿಗೆ ಅದೇ ನಿಲ್ಲುತ್ತದೆ. ಈಗಾಗಲೇ ಪರಿವರ್ತಿಸಿದ ಕಡತಗಳಲ್ಲಿ ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಅದರ ಸಿಟಿಎಲ್ ಅಕ್ಷರಶೈಲಿ ಬದಲಿಸಿ.